ಕಟ್ಟಿದರೆ ಕಾಲು, ಬಿಟ್ಟರೆ ಪ್ರಾಣ

1862ರ ಏಪ್ರಿಲ್ 6. ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಟೆನೆಸಿ ರಾಜ್ಯದ ಶೈಲೋ ಎಂಬಲ್ಲಿ ದಕ್ಷಿಣದ ಸೇನೆಯ ದಂಡನಾಯಕ ಜನರಲ್ ಆಲ್ಬರ್ಟ್ ಸಿಡ್ನಿ ಜಾನ್‌ಸ್ಟನ್ ಕುದುರೆಯ ಮೇಲೆ ಕುಳಿತು ತನ್ನ ಪಡೆಯನ್ನು ಮುನ್ನಡೆಸುತ್ತಿದ್ದ. ಮೊಣಕಾಲಿನ ಹಿಂಭಾಗಕ್ಕೆ ಒಂದು ಗುಂಡು ತಗುಲಿತು. ಅವನು ಅದನ್ನು ಗಮನಿಸಲೇ ಇಲ್ಲ ಎನ್ನುತ್ತಾರೆ. ಹಿಂದೊಮ್ಮೆ ದ್ವಂದ್ವಯುದ್ಧದಲ್ಲಿ ಆದ ಗಾಯದಿಂದ ಆ ಕಾಲಿನ ಸ್ಪರ್ಶಜ್ಞಾನ ಮಂದವಾಗಿದ್ದಿರಬಹುದು ಎಂದು ಊಹಿಸುವವರೂ ಉಂಟು. ಬೂಟಿನ ತುಂಬ ರಕ್ತ ತುಂಬಿಕೊಂಡು ಜನರಲ್ ತಡಿಯ ಮೇಲೆ ವಾಲಿದಾಗ ಸಂಗಡಿಗರು ಅವನನ್ನು ಇಳಿಸಿ ಎದೆ, ಹೊಟ್ಟೆಯ ಮೇಲೆಲ್ಲ ಗಾಯ ಹುಡುಕಿದರು. ಕಾಲಿನ ಕಡೆಗೆ ಯಾರ ಗಮನವೂ ಹೋಗಲಿಲ್ಲ. ಅವನ ಖಾಸಗಿ ವೈದ್ಯ ಜೊತೆಯಲ್ಲಿರಲಿಲ್ಲ. ಗಾಯಗೊಂಡ ಶತ್ರು ಸೈನಿಕರನ್ನೂ ನೋಡಿಕೊಳ್ಳುವಂತೆ ಸ್ವತಃ ಜನರಲ್ಲೇ ಸ್ವಲ್ಪ ಹೊತ್ತಿಗೆ ಮುಂಚೆ ಅವನನ್ನು ಕಳುಹಿಸಿದ್ದ. ಜಾನ್‌ಸ್ಟನ್ ಅಲ್ಲೇ ಸತ್ತ. ಆ ಇಡೀ ಯುದ್ಧದಲ್ಲಿ ರಣರಂಗದಲ್ಲಿ ಮಡಿದವರ ಪೈಕಿ ಅವನಿಗಿಂತ ಮೇಲಿನ ಅಧಿಕಾರಿ ಎರಡೂ ಕಡೆ ಇನ್ನೊಬ್ಬನಿಲ್ಲ. ಅವನ ಜೇಬಿನಲ್ಲಿ, ಆ ರಕ್ತವನ್ನು ನಿಲ್ಲಿಸಬಹುದಾಗಿದ್ದ ಒಂದು ಟೂರ್ನಿಕೆಟ್ ಹಾಗೇ ಉಳಿದಿತ್ತು.

ಟೂರ್ನಿಕೆಟ್ ಎಂದರೆ ಬೇರೇನಲ್ಲ, ಗಾಯದ ಮೇಲ್ಭಾಗದಲ್ಲಿ ತೋಳಿಗೋ ತೊಡೆಗೋ ಸುತ್ತಿ, ರಕ್ತ ಹರಿಯದಷ್ಟು ಬಿಗಿಯುವ ಪಟ್ಟಿ. ವಯಸ್ಕ ಮನುಷ್ಯನ ಮೈಯಲ್ಲಿರುವ ರಕ್ತ ಸುಮಾರು ಐದು ಲೀಟರ್. ತೊಡೆಯ ಅಪಧಮನಿ ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುವಷ್ಟು ರಕ್ತ ಹೊರಗೆ ಚೆಲ್ಲುತ್ತದೆ. ಆಗ ಪಟ್ಟಿ ಬಿಗಿದರೆ ಜೀವ ಉಳಿಯುತ್ತದೆ. ಆದರೆ ಬಿಗಿದ ಪಟ್ಟಿಯ ಕೆಳಗಿನ ಮಾಂಸಖಂಡಗಳಿಗೂ ರಕ್ತವಿಲ್ಲ. ಸುಮಾರು ಎರಡು ಗಂಟೆಗಳವರೆಗೆ ಅವು ತಾಳಿಕೊಳ್ಳುತ್ತವೆ. ಆಮೇಲೆ ಒಂದೊಂದು ಗಂಟೆಯೂ ಅಪಾಯ. ಆರು ಗಂಟೆ ದಾಟಿತೆಂದರೆ ಕಾಲಿನ ಆಸೆ ಬಿಡುವುದೇ ಹೆಚ್ಚು. ಕಟ್ಟಿದರೆ ಕಾಲು ಹೋದೀತು, ಬಿಟ್ಟರೆ ಪ್ರಾಣ ಹೋದೀತು ಎಂಬ ಈ ಇಕ್ಕಟ್ಟು ಮೂರು ಶತಮಾನಗಳಿಂದ ಸೇನಾ ವೈದ್ಯರನ್ನು ಕಾಡಿದೆ. ಒಂದು ಕಾಲಕ್ಕೆ ಈ ಪಟ್ಟಿಯನ್ನು ವರವೆಂದರು, ಇನ್ನೊಂದು ಕಾಲಕ್ಕೆ ಶಾಪವೆಂದರು. ಅಷ್ಟು ಸಲ ತೀರ್ಪು ಬದಲಾದರೂ ಪಟ್ಟಿಯೊಳಗಿನ ತತ್ವ ಮಾತ್ರ ಬದಲಾಗಲಿಲ್ಲ.

ಕಟ್ಟು ಹಾಕುವ ವಿದ್ಯೆ ನಮಗೆ ಹೊಸದಲ್ಲ. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ‘ಅರಿಷ್ಟಾ’ ಎಂಬ ಕಟ್ಟಿನ ವಿವರಣೆ ಇದೆ. ಕೈಗೋ ಕಾಲಿಗೋ ಹಾವು ಕಚ್ಚಿದರೆ ಕಚ್ಚಿದ ಜಾಗದಿಂದ ನಾಲ್ಕು ಅಂಗುಲ ಮೇಲೆ ಬಟ್ಟೆ, ಚರ್ಮ ಅಥವಾ ಮರದ ಒಳತೊಗಟೆಯಿಂದ ಬಿಗಿಯಬೇಕು ಎನ್ನುತ್ತದೆ ಅದು. ಸ್ವಾರಸ್ಯವೆಂದರೆ, ಅದೇ ಗ್ರಂಥ ಹರಿಯುವ ರಕ್ತವನ್ನು ನಿಲ್ಲಿಸಲು ನಾಲ್ಕು ಉಪಾಯಗಳನ್ನು ಬೇರೆಯಾಗಿ ಹೇಳುತ್ತದೆ: ಒಗರು ಮದ್ದು, ತಂಪು, ಭಸ್ಮ, ಕೊನೆಗೆ ಸುಡುವುದು. ಆ ನಾಲ್ಕರಲ್ಲಿ ಕಟ್ಟು ಇಲ್ಲ. ಅಂದರೆ ಸುಶ್ರುತನ ಕಟ್ಟು ವಿಷಕ್ಕೆ, ರಕ್ತಕ್ಕಲ್ಲ. ಇಂದಿನ ವೈದ್ಯಶಾಸ್ತ್ರ ಇದನ್ನು ಪೂರ್ತಿ ತಿರುವುಮುರುವು ಮಾಡಿದೆ. ಕಟ್ಟು ಬೇಕಾದದ್ದು ಚಿಮ್ಮುವ ರಕ್ತಕ್ಕೆ; ಹಾವಿನ ಕಡಿತಕ್ಕೆ ಅದು ಕೂಡದು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಹಾವು ಕಚ್ಚಿದೊಡನೆ ಹಗ್ಗವನ್ನೋ ಟವೆಲನ್ನೋ ಬಿಗಿಯುತ್ತಾರೆ. ಮಂಡಲದ ಹಾವಿನಂಥವುಗಳ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುವಂಥದು. ಕಟ್ಟಿದ ಹಗ್ಗ ಆ ವಿಷವನ್ನು ಅಲ್ಲೇ ಕೂಡಿಹಾಕಿ ಕಾಲನ್ನು ಇನ್ನಷ್ಟು ಕೆಡಿಸುತ್ತದೆ. ಬಿಚ್ಚಿದಾಗ ವಿಷ ಒಮ್ಮೆಲೇ ಮೈಗೆ ನುಗ್ಗುತ್ತದೆ. ಅಂಗವನ್ನು ಅಲುಗಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಿರಿ, ಕಟ್ಟಬೇಡಿ ಎಂಬುದು ಈಗಿನ ರಾಷ್ಟ್ರೀಯ ಚಿಕಿತ್ಸಾ ಸೂಚಿಯ ಮಾತು. 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯವೆಂದು ಕರ್ನಾಟಕ ಘೋಷಿಸಿತು. ಕಟ್ಟುವ ಅಭ್ಯಾಸ ಮಾತ್ರ ಘೋಷಣೆಗಳಿಗೆ ಸುಲಭವಾಗಿ ಬಗ್ಗುವಂಥದಲ್ಲ.

ಯೂರೋಪಿನಲ್ಲಿ ಕಟ್ಟು ರಕ್ತದ ಕಡೆಗೆ ತಿರುಗಿದ್ದು ಬಂದೂಕು, ಫಿರಂಗಿ ಬಂದ ಮೇಲೆ. ಸೀಸದ ಗುಂಡಿಗೆ ಚೂರಾದ ಕಾಲನ್ನು ಕತ್ತರಿಸದೆ ಬೇರೆ ಉಪಾಯವಿರಲಿಲ್ಲ. ಕತ್ತರಿಸಿದ ಮೇಲೆ ರಕ್ತ ನಿಲ್ಲಿಸಲು ಕಾದ ಕಬ್ಬಿಣದ ಬರೆ ಹಾಕುತ್ತಿದ್ದರು. ಹದಿನಾರನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರ್ವಾಸ್ ಪರೇ, ಮೊದಲು ಕ್ಷೌರಿಕವೈದ್ಯನಾಗಿ ಸೇನೆ ಸೇರಿದವನು, ಬರೆ ಹಾಕುವುದನ್ನು ಬಿಟ್ಟು ರಕ್ತನಾಳವನ್ನು ದಾರದಿಂದ ಕಟ್ಟುವ ಪದ್ಧತಿಯನ್ನು ತಂದ. ನಾಳವನ್ನು ಹುಡುಕಿ ಕಟ್ಟುವಷ್ಟು ಹೊತ್ತು ರಕ್ತ ತಡೆಯಬೇಕಲ್ಲ, ಅದಕ್ಕೆ ಮೇಲೊಂದು ಬಿಗಿಪಟ್ಟಿ. ಆದರೆ ಬರಿಯ ಗಂಟಿನಿಂದ ತೊಡೆಯಂಥ ದಪ್ಪ ಅಂಗದ ರಕ್ತ ನಿಲ್ಲುವುದಿಲ್ಲ. 1674ರಲ್ಲಿ ಬೆಸಾನ್ಸೋಂ ಕೋಟೆಯ ಮುತ್ತಿಗೆಯಲ್ಲಿ ಎತಿಯೆನ್ ಮೊರೆಲ್ ಎಂಬ ಸೇನಾ ಶಸ್ತ್ರವೈದ್ಯ ಪಟ್ಟಿಯ ನಡುವೆ ಒಂದು ಕೋಲು ತೂರಿಸಿ ತಿರುವಿದ. ಗಾಡಿಯ ಹೇರಿಗೆ ಹಗ್ಗ ಸುತ್ತಿ, ನಡುವೆ ಕೋಲು ಹಾಕಿ ತಿರುವಿ ಬಿಗಿ ಮಾಡುವುದನ್ನು ಕಂಡವರಿಗೆ ಇದರ ಮರ್ಮ ಹೇಳಬೇಕಾಗಿಲ್ಲ. ಎಳೆಯುವ ಕೈಗೆ ಇಲ್ಲದ ಬಲ ತಿರುಗುವ ಕೋಲಿಗೆ ಉಂಟು. 1718ರಲ್ಲಿ ಪ್ಯಾರಿಸಿನ ಜಾನ್ ಲೂಯಿ ಪೆತಿ ಕೋಲಿನ ಜಾಗಕ್ಕೆ ತಿರುಪನ್ನು ತಂದ. ಹಿಡಿದುಕೊಳ್ಳಲು ಇನ್ನೊಬ್ಬ ಬೇಕಾಗಿರಲಿಲ್ಲ, ಬೇಕಾದಷ್ಟು ಬಿಗಿಯಲೂ ಸಡಿಲಿಸಲೂ ಬರುತ್ತಿತ್ತು. ತಿರುಗಿಸು ಎಂಬ ಅರ್ಥದ ಫ್ರೆಂಚ್ ಧಾತುವಿನಿಂದ ಬಂದದ್ದೇ ಟೂರ್ನಿಕೆಟ್ ಎಂಬ ಹೆಸರು. ಜಾನ್‌ಸ್ಟನ್ ಸತ್ತ ಅಂತರ್ಯುದ್ಧದ ಕಾಲಕ್ಕೂ ಪೆತಿಯ ತಿರುಪಿನ ಟೂರ್ನಿಕೆಟ್ಟು ಬಳಕೆಯಲ್ಲಿತ್ತು.

ಮುಂದೆ ಜರ್ಮನಿಯ ಫ್ರೀಡ್ರಿಶ್ ಫಾನ್ ಎಸ್ಮಾರ್ಕ್ 1873ರಲ್ಲಿ ರಬ್ಬರ್ ಪಟ್ಟಿಯನ್ನು ಶಸ್ತ್ರಚಿಕಿತ್ಸೆಗೆ ತಂದ. ಸೈನಿಕನ ಷರಾಯಿಯನ್ನು ಎತ್ತಿಹಿಡಿಯುವ ಹೆಗಲಪಟ್ಟಿಯನ್ನೇ ಹಿಗ್ಗುವಂತೆ ಮಾಡಿ, ಗಾಯವಾದರೆ ಅದನ್ನೇ ಬಿಚ್ಚಿ ಕಾಲಿಗೆ ಬಿಗಿಯಬಹುದು ಎಂದು ಹೊಳೆದದ್ದೂ ಈ ಮಹಾಶಯನಿಗೇ. 1904ರಲ್ಲಿ ಅಮೆರಿಕದ ಹಾರ್ವಿ ಕುಶಿಂಗ್ ಗಾಳಿ ತುಂಬುವ ಅಗಲ ಪಟ್ಟಿಯನ್ನು ರೂಪಿಸಿದ. ರಕ್ತದೊತ್ತಡ ನೋಡುವಾಗ ವೈದ್ಯರು ನಮ್ಮ ತೋಳಿಗೆ ಸುತ್ತುವ ಪಟ್ಟಿಯಂತೆಯೇ ಅದು. ಇಂದಿಗೂ ಮೂಳೆ ವೈದ್ಯರು ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಅದರ ವಂಶದ ಪಟ್ಟಿಯನ್ನೇ ಬಳಸುತ್ತಾರೆ. ಗಂಟೆಗಟ್ಟಲೆ ರಕ್ತ ತಡೆದು, ಕೆಲಸ ಮುಗಿಸಿ, ಬಿಚ್ಚುತ್ತಾರೆ. ಕಾಲು ಸುರಕ್ಷಿತ. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ನಡೆದದ್ದಕ್ಕೆ ಇದು ವಿಚಿತ್ರವಾಗಿ ವಿರುದ್ಧ.

ಮೊದಲ ಮಹಾಯುದ್ಧದಲ್ಲಿ ಟೂರ್ನಿಕೆಟ್ಟಿನ ಹೆಸರು ಕೆಟ್ಟಿತು. ಕಂದಕಗಳಲ್ಲಿ ಗಾಯಗೊಂಡವನಿಗೆ ಜೊತೆಗಾರ ಸಿಕ್ಕಿದ್ದನ್ನು ಬಿಗಿದು ಬಿಡುತ್ತಿದ್ದ. ಹಗಲು ಗುಂಡಿನ ಮಳೆ. ಕತ್ತಲಾದ ಮೇಲೆ ಡೋಲಿ ಹೊರುವವರು ಬರಬೇಕು, ಕೆಸರಿನಲ್ಲಿ ನಡೆಯಬೇಕು. ಶಸ್ತ್ರವೈದ್ಯನ ಮೇಜಿಗೆ ಬರುವ ಹೊತ್ತಿಗೆ ಕಾಲು ಕಪ್ಪಾಗಿರುತ್ತಿತ್ತು. ಬಹುಪಾಲು ಭಾರತೀಯ ಸೈನಿಕರೇ ಹೋರಾಡಿದ ಮೆಸಪೊಟೇಮಿಯಾದ ರಂಗದಲ್ಲಂತೂ 1915ರ ಕೊನೆಯಲ್ಲಿ ಗಾಯಾಳುಗಳು ಟೈಗ್ರಿಸ್ ನದಿಯ ದೋಣಿಗಳಲ್ಲಿ ದಿನಗಟ್ಟಲೆ ಬಿದ್ದುಕೊಂಡು ಬಸ್ರಾ ತಲುಪಬೇಕಾಯಿತು. ಆ ಅವ್ಯವಸ್ಥೆಯ ಬಗ್ಗೆ ವಿಚಾರಣಾ ಆಯೋಗವೇ ಕೂತು 1917ರಲ್ಲಿ ವರದಿ ಕೊಟ್ಟಿತು. ಇಂಥ ಕಡೆ ಕಟ್ಟಿದ ಪಟ್ಟಿ ಉಳಿಸುವುದಕ್ಕಿಂತ ಕೆಡಿಸುವುದೇ ಹೆಚ್ಚೆಂದು ವೈದ್ಯರಿಗೆ ಕಂಡದ್ದು ಸಹಜ. ಅವರ ಕಣ್ಣಿಗೆ ಬಿದ್ದವರು ಪಟ್ಟಿ ಕಟ್ಟಿಸಿಕೊಂಡು ಬದುಕಿ ಬಂದು ಕಾಲು ಕಳೆದುಕೊಂಡವರು. ಪಟ್ಟಿಯಿಲ್ಲದೆ ರಕ್ತ ಸೋರಿ ಸತ್ತವರು ಆಸ್ಪತ್ರೆಯವರೆಗೆ ಬರಲೇ ಇಲ್ಲ. ಬಂದವರನ್ನು ಮಾತ್ರ ಎಣಿಸಿದರೆ ಲೆಕ್ಕ ಹೀಗೆಯೇ ತಪ್ಪುತ್ತದೆ.

ಇನ್ನೊಂದು ಕಾರಣ ಪಟ್ಟಿಯಲ್ಲೇ ಇತ್ತು. ನಮ್ಮ ಮೈಯಲ್ಲಿ ಅಪಧಮನಿ ಆಳದಲ್ಲಿದೆ, ಅದರೊಳಗಿನ ಒತ್ತಡ ಹೆಚ್ಚು. ಹೃದಯಕ್ಕೆ ರಕ್ತವನ್ನು ಮರಳಿಸುವ ಅಭಿಧಮನಿಗಳಲ್ಲಿ ಒತ್ತಡ ಕಡಿಮೆ, ಎಷ್ಟೋ ನಾಳಗಳು ಚರ್ಮದ ಕೆಳಗೇ ಇವೆ. ಪಟ್ಟಿಯನ್ನು ಅರೆಬರೆ ಬಿಗಿದರೆ ಮೊದಲು ಮುಚ್ಚುವುದು ಅಭಿಧಮನಿ. ಆಗ ರಕ್ತ ಒಳಗೆ ಬರುತ್ತಲೇ ಇರುತ್ತದೆ, ಹಿಂತಿರುಗುವ ದಾರಿ ಮಾತ್ರ ಬಂದ್. ಪರಿಣಾಮವಾಗಿ ಗಾಯದಿಂದ ರಕ್ತ ಮೊದಲಿಗಿಂತ ಜೋರಾಗಿ ಹೊಮ್ಮುತ್ತದೆ. ಅರ್ಧ ಬಿಗಿದ ಪಟ್ಟಿ ಬಿಗಿಯದ ಪಟ್ಟಿಗಿಂತ ಕೆಟ್ಟದ್ದು. ಹಾಗೆಂದು ಸಣ್ಣ ಹುರಿಯಿಂದ ಜೋರಾಗಿ ಬಿಗಿದರೆ ಅದು ಚರ್ಮವನ್ನೂ ನರಗಳನ್ನೂ ಕೊಯ್ಯುತ್ತದೆ. ಪಟ್ಟಿ ಅಗಲವಾದಷ್ಟೂ ರಕ್ತ ನಿಲ್ಲಿಸಲು ಬೇಕಾದ ಒತ್ತಡ ಕಡಿಮೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಕೊಟ್ಟದ್ದು ಬಕಲ್ ಇರುವ ಬಟ್ಟೆಪಟ್ಟಿ. ಅದನ್ನು ಎಷ್ಟು ಎಳೆದರೂ ತೊಡೆಯ ರಕ್ತ ನಿಲ್ಲುವುದು ಅಪರೂಪ ಎಂದು 1945ರಲ್ಲೇ ಇಬ್ಬರು ಸೇನಾ ವೈದ್ಯರು ಬರೆದರು. ಬರೆದದ್ದು ಕಡತ ಸೇರಿತು. ಪಟ್ಟಿ ಮಾತ್ರ ಸೇನೆಯ ಉಗ್ರಾಣದಲ್ಲಿ ಇಪ್ಪತ್ತೊಂದನೇ ಶತಮಾನದವರೆಗೂ ಉಳಿದುಕೊಂಡಿತು. ಸರ್ಕಾರಿ ಉಗ್ರಾಣಗಳ ಸ್ವಭಾವ ಎಲ್ಲ ದೇಶಗಳಲ್ಲೂ ಒಂದೇ ಎಂದು ತೋರುತ್ತದೆ.

ಹೀಗೆ ಒಂದೇ ಆಸ್ಪತ್ರೆಯ ಮಹಡಿಯ ಮೇಲೆ ಮೂಳೆ ವೈದ್ಯರು ದಿನವೂ ಗಂಟೆಗಟ್ಟಲೆ ಟೂರ್ನಿಕೆಟ್ ಬಿಗಿಯುತ್ತಿದ್ದರೆ, ಕೆಳಗೆ ಬಾಗಿಲಲ್ಲಿ ನಿಂತ ಆಂಬುಲೆನ್ಸಿನ ಕೈಪಿಡಿ ಅದನ್ನು ಮುಟ್ಟಲೇಬೇಡ, ಮುಟ್ಟುವುದಾದರೆ ಎಲ್ಲ ಉಪಾಯ ಮುಗಿದ ಮೇಲೆ ಮುಟ್ಟು ಎನ್ನುತ್ತಿತ್ತು. ದಶಕಗಳ ಕಾಲ ಪ್ರಥಮ ಚಿಕಿತ್ಸೆಯ ಪುಸ್ತಕಗಳೆಲ್ಲ ಇದೇ ಪಾಠ ಹೇಳಿದವು.

ತೀರ್ಪು ತಿರುಗಲು ಕಾರಣವಾದದ್ದು ಸತ್ತವರ ಲೆಕ್ಕ. ವಿಯೆಟ್ನಾಂ ಯುದ್ಧದಲ್ಲಿ ಮಡಿದ 2,600 ಸೈನಿಕರ ಗಾಯಗಳನ್ನು ಪರಿಶೀಲಿಸಿ 1970ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಅವರಲ್ಲಿ 193 ಮಂದಿ ಸತ್ತದ್ದು ಕೇವಲ ಕೈಕಾಲಿನ ಗಾಯದ ರಕ್ತಸ್ರಾವದಿಂದ ಎಂದು ಹೇಳಿತು. ಶೇಕಡಾ 7ಕ್ಕೂ ಹೆಚ್ಚು. ಎದೆ, ತಲೆಯ ಗಾಯಕ್ಕೆ ಗದ್ದೆಯ ನಡುವೆ ಏನೂ ಮಾಡಲಾಗದು, ನಿಜ. ಕಾಲಿಗೆ ಒಂದು ಪಟ್ಟಿ ಕಟ್ಟಬಹುದಿತ್ತು. ಆದರೂ ಈ ಲೆಕ್ಕ ಕೆಲಸಕ್ಕೆ ಬರಲು ಇನ್ನೂ ಕಾಲು ಶತಮಾನ ಬೇಕಾಯಿತು. 1996ರಲ್ಲಿ ಫ್ರಾಂಕ್ ಬಟ್ಲರ್ ಮತ್ತು ಸಂಗಡಿಗರು ವಿಶೇಷ ಪಡೆಗಳಿಗಾಗಿ ಹೊಸ ಚಿಕಿತ್ಸಾಕ್ರಮವನ್ನು ಪ್ರಕಟಿಸಿದರು. ಬಟ್ಲರ್ ಅಮೆರಿಕದ ನೌಕಾಪಡೆಯ ಕಮಾಂಡೋ ಆಗಿದ್ದು ಆಮೇಲೆ ಕಣ್ಣಿನ ವೈದ್ಯರಾದವರು. ಅವರ ವಾದ ಸರಳವಾಗಿತ್ತು: ನಗರದ ಆಸ್ಪತ್ರೆಯ ನಿಯಮವನ್ನು ಗುಂಡು ಹಾರುವ ಕಡೆ ಪಾಲಿಸಲಾಗದು, ಗುಂಡು ಹಾರುತ್ತಿರುವಾಗ ಕೈಕಾಲಿನಿಂದ ರಕ್ತ ಚಿಮ್ಮಿದರೆ ಮೊದಲ ಉಪಾಯವೇ ಟೂರ್ನಿಕೆಟ್, ಕೊನೆಯದಲ್ಲ. ಅದಕ್ಕೆ ಮೂರು ವರ್ಷ ಮುಂಚೆ, 1993ರಲ್ಲಿ, ಸೊಮಾಲಿಯದ ಮೊಗದಿಶುವಿನ ಬೀದಿಕಾಳಗದಲ್ಲಿ ಅಮೆರಿಕದ ಸೈನಿಕನೊಬ್ಬ ತೊಡೆಸಂದಿಯ ಬಳಿ ನಾಳ ಹರಿದು ಗಂಟೆಗಳ ಕಾಲ ನರಳಿ ಸತ್ತಿದ್ದ. ಗಾಯ ಎಷ್ಟು ಮೇಲಿತ್ತೆಂದರೆ ಅದರ ಮೇಲೆ ಪಟ್ಟಿ ಸುತ್ತಲು ಜಾಗವೇ ಇರಲಿಲ್ಲ. ಟೂರ್ನಿಕೆಟ್ಟಿನ ಎಲ್ಲೆ ಎಲ್ಲಿ ಮುಗಿಯುತ್ತದೆಂಬುದನ್ನೂ ಆ ಸಾವು ತೋರಿಸಿತು.

ಕಟ್ಟಬೇಕು, ಸರಿ. ಯಾವುದನ್ನು ಕಟ್ಟಬೇಕು? 2005ರ ಹೊತ್ತಿಗೆ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿರುವ ಅಮೆರಿಕದ ಸೇನಾ ಶಸ್ತ್ರವೈದ್ಯ ಸಂಶೋಧನಾ ಸಂಸ್ಥೆ ಪೇಟೆಯಲ್ಲಿದ್ದ ಹಲವು ಬಗೆಯ ಪಟ್ಟಿಗಳನ್ನು ತಂದು, ಸ್ವಯಂಸೇವಕರು ತಮ್ಮ ತೊಡೆಗೆ ತಾವೇ ಬಿಗಿದುಕೊಳ್ಳುವಂತೆ ಮಾಡಿತು. ಪಟ್ಟಿಯ ಕೆಳಗೆ ನಾಡಿಯ ಸದ್ದನ್ನು ಡಾಪ್ಲರ್ ಯಂತ್ರದಿಂದ ಆಲಿಸಿದರು. ಸದ್ದು ನಿಂತರೆ ಪಾಸು, ಕೇಳಿದರೆ ನಪಾಸು. ಎಲ್ಲರ ತೊಡೆಯಲ್ಲೂ ಸದ್ದು ನಿಲ್ಲಿಸಿದ್ದು ಮೂರೇ ಪಟ್ಟಿಗಳು. ಒಂದು ಗಾಳಿ ತುಂಬುವಂಥದು. ಉಳಿದೆರಡು ಮೊರೆಲ್‌ನ ಕೋಲಿನ ಮೊಮ್ಮಕ್ಕಳು. ಆ ಮೂರರಲ್ಲಿ ಹಗುರವಾದ ‘ಕ್ಯಾಟ್’ ಎಂಬುದನ್ನು ಸೈನ್ಯ ಆಯ್ದುಕೊಂಡಿತು. ಒಂದೂವರೆ ಅಂಗುಲ ಅಗಲದ ನೈಲಾನ್ ಪಟ್ಟಿ, ಅಂಟಿಕೊಳ್ಳುವ ವೆಲ್ಕ್ರೋ, ತಿರುವಲು ಗಟ್ಟಿ ಪ್ಲಾಸ್ಟಿಕ್ ಕಡ್ಡಿ, ತಿರುವಿದ ಕಡ್ಡಿ ಹಿಂದೆ ಸರಿಯದಂತೆ ಸಿಕ್ಕಿಸಲು ಒಂದು ಕೊಕ್ಕೆ. ಒಂದು ಕೈ ಹೋದವನು ಇನ್ನೊಂದು ಕೈಯಿಂದ ತಾನೇ ಬಿಗಿದುಕೊಳ್ಳಬೇಕೆಂಬುದು ಈ ಆಯ್ಕೆಯ ಮುಖ್ಯ ಷರತ್ತು. ಮುನ್ನೂರು ವರ್ಷಗಳ ಸುತ್ತು ಸುತ್ತಿ ವಿಜ್ಞಾನ ಮತ್ತೆ ಪಟ್ಟಿ ಮತ್ತು ಕೋಲಿಗೇ ಬಂದು ನಿಂತದ್ದು ತಮಾಷೆಯಾಗಿ ಕಂಡರೂ, ಆ ಕೋಲು ಎಷ್ಟು ದಪ್ಪವಿರಬೇಕು, ಪಟ್ಟಿ ಎಷ್ಟು ಅಗಲವಿರಬೇಕು ಎಂದು ಅಳೆದು ನೋಡಿದ್ದು ಮಾತ್ರ ಈಗಲೇ.

ಆದರೂ ಇರಾಕಿನಲ್ಲಿದ್ದ ಎಲ್ಲ ಸೈನಿಕರ ಜೇಬಿಗೆ ಅದು ಬಿದ್ದಿರಲಿಲ್ಲ. ಸುಮಾರು 20 ಡಾಲರ್ ಬೆಲೆಯ ಪಟ್ಟಿಯನ್ನು ಸೈನ್ಯ ಎಲ್ಲರಿಗೂ ಕೊಟ್ಟಿಲ್ಲವೆಂದು 2005ರ ಮಾರ್ಚ್‌ನಲ್ಲಿ ಬಾಲ್ಟಿಮೋರ್ ಸನ್ ಪತ್ರಿಕೆ ಬಯಲಿಗೆಳೆದ ಮೇಲೆ ವಿತರಣೆ ಚುರುಕಾಯಿತು. ಮರುವರ್ಷ ಬಾಗ್ದಾದಿನ ಸೇನಾ ಆಸ್ಪತ್ರೆಯಲ್ಲಿ ಜಾನ್ ಕ್ರಾ ಎಂಬ ಮೂಳೆ ವೈದ್ಯರು ಪಟ್ಟಿ ಕಟ್ಟಿಸಿಕೊಂಡು ಬಂದ 232 ಗಾಯಾಳುಗಳ ಲೆಕ್ಕ ಇಟ್ಟರು. ರಕ್ತ ಸೋರಿ ಶಾಕ್‌ಗೆ ಹೋಗುವ ಮುಂಚೆಯೇ ಪಟ್ಟಿ ಬಿದ್ದವರಲ್ಲಿ ಶೇಕಡಾ 90 ಮಂದಿ ಬದುಕಿದರು. ಶಾಕ್ ಆದ ಮೇಲೆ ಪಟ್ಟಿ ಬಿದ್ದವರಲ್ಲಿ ಶೇಕಡಾ 10. ಪಟ್ಟಿ ಬೇಕಾಗಿದ್ದೂ ಕಟ್ಟದೇ ಹೋದ ಐವರಲ್ಲಿ ಒಬ್ಬನೂ ಉಳಿಯಲಿಲ್ಲ. ಹಾಗಾದರೆ ಪಟ್ಟಿಯಿಂದಾಗಿ ಕಾಲು ಕಳೆದುಕೊಂಡವರೆಷ್ಟು? ಪಟ್ಟಿಯೊಂದೇ ಕಾರಣವಾಗಿ ಯಾರ ಕಾಲನ್ನೂ ಕತ್ತರಿಸಬೇಕಾಗಲಿಲ್ಲ. ನಾಲ್ವರಿಗೆ ನರ ಜೋಮುಹಿಡಿದು ಆಮೇಲೆ ಸರಿಹೋಯಿತು. ಅಮೆರಿಕದ ಸೇನೆಯಲ್ಲಿ ಕೈಕಾಲಿನ ರಕ್ತಸ್ರಾವದ ಸಾವು ಮೊದಲು ವರ್ಷಕ್ಕೆ ಸರಾಸರಿ 23ರಷ್ಟಿದ್ದದ್ದು 2011ರ ಹೊತ್ತಿಗೆ ನಾಲ್ಕಕ್ಕಿಂತ ಕೆಳಗಿಳಿಯಿತು.

ಈ ಅಂಕಿಗಳ ಹಿಂದೆ ಇನ್ನೊಂದು ಯಂತ್ರ ಇತ್ತು: ಹೆಲಿಕಾಪ್ಟರ್. ಬಾಗ್ದಾದಿನ ಆಕಾಶ ಅಮೆರಿಕದ ಕೈಯಲ್ಲಿತ್ತು. ಗಾಯಾಳು ಎರಡು ಗಂಟೆ ತುಂಬುವುದರೊಳಗೆ ಶಸ್ತ್ರವೈದ್ಯನ ಮುಂದಿರುತ್ತಿದ್ದುದೇ ಹೆಚ್ಚು. ಪಟ್ಟಿ ಗೆದ್ದಿತು ಎನ್ನುವಾಗ ಈ ಮಾತನ್ನು ಕೈಬಿಡುವವರೇ ಜಾಸ್ತಿ.

ಸೈನ್ಯದ ಪಾಠ ಊರಿಗೂ ಬಂತು. 2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬು ಸಿಡಿದಾಗ ದಾರಿಹೋಕರು ಬೆಲ್ಟು, ಅಂಗಿ, ಸಿಕ್ಕಿದ್ದನ್ನೆಲ್ಲ ಬಿಗಿದರು. ಅಲ್ಲಿ ಕಟ್ಟಿದ 27 ಟೂರ್ನಿಕೆಟ್ಟುಗಳೂ ಆ ಕ್ಷಣಕ್ಕೆ ಹೊಂಚಿದವೇ ಎಂದು ಆಮೇಲಿನ ಪರಿಶೀಲನೆ ಹೇಳಿತು. ಬರಿ ಬೆಲ್ಟಿಗೆ ತಿರುವುವ ಕೋಲಿಲ್ಲ, ತೊಡೆಯ ಅಪಧಮನಿಯನ್ನು ಅದು ಮುಚ್ಚುವುದು ಕಷ್ಟ. ಜನರಿಗೇ ಈ ವಿದ್ಯೆ ಕಲಿಸುವ ‘ಸ್ಟಾಪ್ ದ ಬ್ಲೀಡ್’ ಆಂದೋಲನ ಅಮೆರಿಕದಲ್ಲಿ 2015ರಲ್ಲಿ ಶುರುವಾಯಿತು.

ನಮ್ಮಲ್ಲಿ ರಣರಂಗವೆಂದರೆ ಹೆದ್ದಾರಿ. ಗಾಯಾಳುವನ್ನು ಮುಟ್ಟಿದರೆ ಕೋರ್ಟು ಕಚೇರಿ ಅಲೆಯಬೇಕೆಂಬ ಹೆದರಿಕೆ ಬಹುಕಾಲ ಜನರ ಕೈ ಕಟ್ಟಿತ್ತು. 2016ರಲ್ಲಿ ಸುಪ್ರೀಂ ಕೋರ್ಟು ನೆರವಾಗುವವರ ರಕ್ಷಣೆಗೆ ನಿಯಮಗಳನ್ನು ಎತ್ತಿಹಿಡಿಯಿತು, ಕರ್ನಾಟಕ ಅದೇ ವರ್ಷ ಇದಕ್ಕೆಂದೇ ಮಸೂದೆ ತಂದಿತು, 2019ರ ಮೋಟಾರು ವಾಹನ ತಿದ್ದುಪಡಿಯೂ ರಕ್ಷಣೆ ಕೊಟ್ಟಿತು. ಮುಟ್ಟುವ ಧೈರ್ಯ ಬಂದರೆ ಮೊದಲು ಮಾಡಬೇಕಾದದ್ದು ಟೂರ್ನಿಕೆಟ್ ಹುಡುಕುವುದಲ್ಲ. ಶುಭ್ರ ಬಟ್ಟೆಯನ್ನು ಗಾಯದ ಮೇಲಿಟ್ಟು ಎರಡೂ ಕೈಯಿಂದ ಗಟ್ಟಿಯಾಗಿ ಅದುಮಿ ಹಿಡಿದರೆ ಬಹಳಷ್ಟು ರಕ್ತಸ್ರಾವ ನಿಲ್ಲುತ್ತದೆ. ಒತ್ತಡಕ್ಕೂ ಜಗ್ಗದೆ ಚಿಮ್ಮುವ ರಕ್ತಕ್ಕೆ, ತುಂಡಾದ ಅಂಗಕ್ಕೆ ಪಟ್ಟಿ ಬೇಕು. ಅದನ್ನು ಗಾಯದಿಂದ ಎರಡು ಮೂರು ಅಂಗುಲ ಮೇಲೆ, ಮೊಣಕಾಲು ಮೊಣಕೈಯ ಕೀಲನ್ನು ಬಿಟ್ಟು, ರಕ್ತ ನಿಲ್ಲುವವರೆಗೆ ಬಿಗಿಯಬೇಕು. ನೋವು ತೀವ್ರವಾಗಿಯೇ ಇರುತ್ತದೆ. ಗಾಯಾಳು ಚೀರಿದನೆಂದು ಅರ್ಧಕ್ಕೆ ಬಿಡುವುದೇ ಎಲ್ಲಕ್ಕಿಂತ ಅಪಾಯದ ಕರುಣೆ.

ಈಗ ಪೇಟೆಯಲ್ಲಿ ಕ್ಯಾಟ್‌ನ ನಕಲಿಗಳೂ ತುಂಬಿವೆ. ನೋಡಲು ಒಂದೇ ರೀತಿ, ಬೆಲೆ ಕಾಲು ಭಾಗ. ಕೊನೆಯ ಸುತ್ತಿಗೆ ಕಡ್ಡಿ ಬಾಗುತ್ತದೆ ಇಲ್ಲವೇ ಮುರಿಯುತ್ತದೆ. 2022ರಲ್ಲಿ ರಷ್ಯ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ಆಕ್ರಮಣಕ್ಕೆ ಇಳಿದ ಮೇಲೆ ಇಂಥ ಸರಕು ಅಲ್ಲಿಗೂ ಹರಿಯಿತು. ಅಸಲಿ ಪಟ್ಟಿಗಳದೇ ಇನ್ನೊಂದು ಕಥೆ. ಅಲ್ಲಿ ಆಕಾಶ ಯಾರ ಕೈಯಲ್ಲೂ ಪೂರ್ತಿಯಾಗಿಲ್ಲ. ಗಾಯಾಳುವನ್ನು ಎತ್ತಲು ಹೋದ ವಾಹನವನ್ನೇ ಡ್ರೋನುಗಳು ಹುಡುಕಿ ಹೊಡೆಯುತ್ತವೆ. ಹೆಲಿಕಾಪ್ಟರ್ ಬರುವ ಮಾತೇ ಇಲ್ಲ. ಕತ್ತಲಾಗುವವರೆಗೆ, ಎಷ್ಟೋ ಸಲ ಮರುದಿನದವರೆಗೆ, ಕಂದಕದಲ್ಲೇ ಕಾಯಬೇಕು. ಬಾಗ್ದಾದಿನ ಪಾಠ ಕಲಿತು ಸಣ್ಣ ಗಾಯಕ್ಕೂ ಬಿಗಿದ ಪಟ್ಟಿ ಗಂಟೆಗಟ್ಟಲೆ ಹಾಗೇ ಉಳಿದು, ಉಳಿಯಬಹುದಾಗಿದ್ದ ಕಾಲುಗಳನ್ನು ವೈದ್ಯರು ಕತ್ತರಿಸಬೇಕಾಗಿ ಬಂದಿದೆ. ಮೊದಲ ಮಹಾಯುದ್ಧದ ವೈದ್ಯರು ನೋಡಿದ ಕಪ್ಪು ಕಾಲುಗಳೇ ಇವು.

ಹಾಗಾಗಿ ಅಲ್ಲಿನ ತರಬೇತಿಯಲ್ಲಿ ಈಗ ಬಿಗಿಯುವುದರ ಜೊತೆಗೆ ಬಿಚ್ಚುವುದನ್ನೂ ಕಲಿಸುತ್ತಾರೆ. ಎರಡು ಗಂಟೆ ತುಂಬುವ ಮೊದಲು ಗಾಯವನ್ನು ಮತ್ತೆ ನೋಡಬೇಕು. ಗಾಯಾಳು ಶಾಕ್‌ನಲ್ಲಿಲ್ಲವಾದರೆ, ಅಂಗ ತುಂಡಾಗಿಲ್ಲವಾದರೆ, ಗಾಯಕ್ಕೆ ಬಟ್ಟೆ ತುರುಕಿ ಒತ್ತಡದ ಕಟ್ಟು ಹಾಕಿ, ಪಟ್ಟಿಯನ್ನು ನಿಧಾನವಾಗಿ ಸಡಿಲಿಸಿ ಕಾದು ನೋಡಬೇಕು. ರಕ್ತ ಮತ್ತೆ ಬಂದರೆ ಮತ್ತೆ ಬಿಗಿ. ಆರು ಗಂಟೆ ದಾಟಿದ್ದರೆ ಮುಟ್ಟಬಾರದು. ಸತ್ತ ಮಾಂಸದಲ್ಲಿ ಕೂಡಿದ ಪೊಟ್ಯಾಸಿಯಂ ಒಮ್ಮೆಲೇ ನುಗ್ಗಿ ಹೃದಯವನ್ನೇ ನಿಲ್ಲಿಸೀತು. ಇದಕ್ಕೆಲ್ಲ ಗೊತ್ತಿರಬೇಕಾದ ಸಂಗತಿ ಒಂದೇ, ಕಟ್ಟಿದ್ದು ಎಷ್ಟು ಗಂಟೆಗೆ ಎಂಬುದು. ಕ್ಯಾಟ್ ಪಟ್ಟಿಯಲ್ಲಿ ತಿರುವುಕಡ್ಡಿಯ ಮೇಲೆ ಮಡಚುವ ಒಂದು ಪುಟ್ಟ ತಿಳಿಬಣ್ಣದ ತುಂಡಿದೆ. ಅದರ ಮೇಲೆ ‘ಸಮಯ’ ಎಂದಷ್ಟೇ ಇಂಗ್ಲಿಷಿನಲ್ಲಿ ಅಚ್ಚು ಹಾಕಿ, ಪಕ್ಕದಲ್ಲಿ ಬರೆಯಲು ಜಾಗ ಬಿಟ್ಟಿದ್ದಾರೆ.